ಅಣ್ಣನ ಗದ್ದ

ಅಣ್ಣ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದಿದ್ದ. ಸ್ಟುಡಿಯೋದ ಷಟರ್ ಪೂರ್ತಿ ಮೇಲೇರುವ ಮೊದಲೇ ಬಗ್ಗಿ ಒಳಗೆ ನುಗ್ಗಿ, ಬೂದು ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತು ಕತ್ತು ಎತ್ತಿ ಹಿಡಿದ.

"ಏನಣ್ಣ ಇದು, ಅತ್ತಿಗೆಗೆ ಗೊತ್ತಿಲ್ದೆ ಎರಡನೇ ಮದುವೇನಾ?" ಎಂದಳು ತಂಗಿ, ಕ್ಯಾಮೆರಾದ ಲೆನ್ಸ್ ಒರೆಸುತ್ತ.

"ತಮಾಷೆ ಸಾಕು ಪುಟ್ಟಿ. ಗದ್ದದ ಫೋಟೋ ತೆಗಿ."

"ಗದ್ದದ್ದಾ?"

"ಹೂಂ, ಗದ್ದದ್ದೇ. ಅಪ್ಪನಿಗೆ ಹಾಕೋಕೆ."

ಅವಳ ಕೈಲಿದ್ದ ಬಟ್ಟೆ ಲೆನ್ಸಿನ ಮೇಲೆ ಹಾಗೇ ನಿಂತಿತು.

ಯುದ್ಧಕ್ಕೆ ಹೋಗಿ ಬಂದ ಅಪ್ಪ ಅಮ್ಮಂದಿರ, ಅಜ್ಜ ಅಜ್ಜಿಯರ ಭಾವಚಿತ್ರಗಳನ್ನು ಪುರಭವನದ ಗೋಡೆಗೆ ಹಾಕಿ ಗೌರವಿಸುವ ಸಮಾರಂಭ ಭಾನುವಾರ ಇತ್ತು. ಮನೆಗೊಂದು ಚಿತ್ರ. ಅಣ್ಣ ಸಮಿತಿಯ ಸದಸ್ಯ. ತನ್ನ ಅಪ್ಪನ ಚಿತ್ರವೇ ಇಲ್ಲದೆ ಹೋದರೆ ತಲೆ ಎತ್ತಿ ಓಡಾಡುವುದು ಹೇಗೆ ಎಂಬುದು ಅವನ ಸಂಕಟ. ತೀರಿಹೋದ ಅಪ್ಪನದು ಇದ್ದದ್ದು ಒಂದೇ ಚಿತ್ರ. ಅದರಲ್ಲಿ ಅಪ್ಪನಿಗೆ ಗದ್ದ ಇರಲಿಲ್ಲ.

ಸಿಡಿಗುಂಡಿನ ಚೂರೊಂದು ಅಪ್ಪನ ಕೆಳದವಡೆಯನ್ನು ಹೊತ್ತುಕೊಂಡು ಹೋಗಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಹೋದವನು, ತೊಡೆಯ ಚರ್ಮವನ್ನು ಮುಖಕ್ಕೆ ಹೊಲಿಸಿಕೊಂಡು ಬಂದ. ಅದಕ್ಕೂ ಮೊದಲು ಅವನ ಫೋಟೋ ತೆಗೆಸುವಷ್ಟು ಗತಿ ಆ ಮನೆಗೆ ಇರಲಿಲ್ಲ. ಬಂದವನು ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು ಈ ಸ್ಟುಡಿಯೋ ಹಾಕಿದ. ಕ್ಯಾಮೆರಾದ ಹಿಂದೆ, ಕರಿ ಬಟ್ಟೆಯ ಒಳಗೆ ತಲೆ ಹುದುಗಿಸಿದವನ ಮುಖವನ್ನು ಯಾರೂ ಕೇಳುವುದಿಲ್ಲ.

"ನಂದು ಅಪ್ಪನ ಗದ್ದವೇ ಅಂತ ಅಜ್ಜಿ ಹೇಳ್ತಿದ್ಲು," ಎಂದ ಅಣ್ಣ. "ಕಂಪ್ಯೂಟರಲ್ಲಿ ಚಿಟಿಕೆ ಹೊಡೆಯೋದ್ರಲ್ಲಿ ಆಗೋ ಕೆಲಸ. ಮದುಮಕ್ಕಳ ಮೊಡವೆ ತೆಗೆಯಲ್ವಾ ನೀನು? ಹಂಗೇ ಅಂದ್ಕೋ."

"ಅಪ್ಪನ ದವಡೆ ಮೊಡವೆ ಅಲ್ಲ."

"ಕೂಗಾಡ್ಬೇಡ. ಅಮ್ಮನೂ ಹೂಂ ಅಂದಿದ್ದಾಳೆ. ಬೇಕಿದ್ರೆ ಹೋಗಿ ಕೇಳು."

ಅಮ್ಮ ಇದ್ದದ್ದು ಸ್ಟುಡಿಯೋದ ಮೇಲಿನ ಮನೆಯಲ್ಲೇ. ತಂಗಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು. ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು, "ಹಾಕ್ಬಿಡೇ. ನಾನು ಮದುವೆ ಆಗೋ ಹೊತ್ತಿಗೇ ಹಾಗಾಗಿದ್ರು. ಮೊದಲು ಹೆಂಗಿದ್ರೋ ನಂಗೂ ಗೊತ್ತಿಲ್ಲ. ಒಂದು ಸಲ ನೋಡ್ತೀನಿ."

ಮಗಳು ಇಳಿದು ಬಂದು, ಹಲ್ಲು ಕಚ್ಚಿಕೊಂಡು ಅಣ್ಣನ ಗದ್ದಕ್ಕೆ ಬೆಳಕು ಹಾಕಿದಳು.

ಅಪ್ಪನ ಆ ಒಂದು ಚಿತ್ರ ತೆಗೆದವಳು ಅವಳೇ, ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅಪ್ಪ ಬಾಗಿಲಿಗೆ ಚಿಲಕ ಹಾಕಿ, ಮಫ್ಲರ್ ಬಿಚ್ಚಿ, ಇದೇ ಸ್ಟೂಲಿನ ಮೇಲೆ ಕೂತಿದ್ದ. ಅಪ್ಪನ ಮಾತು ಮನೆಯವರಿಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. "ಈ ಮುಖಕ್ಕೆ ಬೆಳಕು ಹಾಕೋದು ಕಲಿತ್ರೆ ಯಾವ ಮುಖಕ್ಕೂ ಹೆದರಬೇಕಾಗಿಲ್ಲ," ಎಂದಿದ್ದ. ಅವಳು ದೀಪವನ್ನು ಎಡಕ್ಕೆ ಎಳೆದು, ಬಲಕ್ಕೆ ಎಳೆದು, ಬೆವರಿ ತೊಪ್ಪೆಯಾಗಿ ಕೊನೆಗೂ ಗುಂಡಿ ಒತ್ತಿದ್ದಳು.

ನೆಗೆಟಿವ್ ತೊಳೆದು ಒಣಗಿದ ಮೇಲೆ, ತಿದ್ದುವ ಪೆನ್ಸಿಲು ಹಿಡಿದು ಕೇಳಿದ್ದಳು, "ತೆಗೀಲಾ, ಬೇಡ್ವಾ?" ಅದು ಗಿರಾಕಿಗಳಿಗೆ ಅಪ್ಪ ಹಾಕುತ್ತಿದ್ದ ಪ್ರಶ್ನೆ. ಮಗಳ ಕೆನ್ನೆಯ ಮಚ್ಚೆ ತೆಗೆದುಬಿಡಿ ಎಂದು ತಾಯಿ ಎಷ್ಟೇ ಗೋಗರೆದರೂ ಅಪ್ಪ ಆ ಹುಡುಗಿಯ ಕಡೆಗೇ ಪೆನ್ಸಿಲು ತೋರಿಸುತ್ತಿದ್ದ. ಮುಖ ಯಾರದೋ ಅವರು ತಲೆಯಾಡಿಸಬೇಕು. ಉಳಿದವರ ಮಾತಿಗೆ ಆ ಅಂಗಡಿಯಲ್ಲಿ ಕಾಸಿನ ಬೆಲೆ ಇರಲಿಲ್ಲ.

ಅಪ್ಪ ನೆಗೆಟಿವ್ವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಮುಟ್ಟಬೇಡ," ಎಂದಿದ್ದ.

ಆದರೂ ಈಗ ಅವಳು ಮುಟ್ಟಿದಳು. ಅಮ್ಮ ಕೇಳಿದ್ದಳಲ್ಲ. ಅಣ್ಣನ ಗದ್ದ ಅಪ್ಪನ ಮುಖಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅದೇ ಅವಳಿಗೆ ಉರಿ ಹತ್ತಿಸಿದ್ದು. ಸಮಿತಿಯ ಸಭೆಗಳಲ್ಲಿ ಕಾಫಿ ಕುಡಿದು ನುಣುಪಾದ ಗದ್ದ ಅದು. ಅದರ ಮೇಲೆ ಅಪ್ಪನ ಕಣ್ಣುಗಳು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ.

ಅಮ್ಮ ಪ್ರಿಂಟನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. "ಚೆನ್ನಾಗಿದ್ದಾರೆ," ಎಂದಳು, ಪಕ್ಕದ ಮನೆಯ ಹೊಸ ಅಳಿಯನನ್ನು ಕಂಡು ಹೇಳುವ ದನಿಯಲ್ಲಿ. ಪ್ರಿಂಟನ್ನು ಮಗಳ ಕೈಗೆ ಹಿಂತಿರುಗಿಸಿ ಮತ್ತೆ ಗುಂಡಿ ಹಚ್ಚತೊಡಗಿದಳು.

ಮಗಳು ಕೆಳಗೆ ಬಂದು ಆ ಪ್ರಿಂಟನ್ನು ಹರಿದುಹಾಕಿದಳು. ಅಪ್ಪ ಹೇಳಿದ್ದ ಹಾಗೆ, ಎಲ್ಲೂ ಮುಟ್ಟದೆ, ಹಳೆಯ ನೆಗೆಟಿವ್ವಿನಿಂದ ದೊಡ್ಡದೊಂದು ಪ್ರಿಂಟು ಮಾಡಿ ಚೌಕಟ್ಟು ಹಾಕಿಸಿದಳು. ಶನಿವಾರ ಪುರಭವನಕ್ಕೆ ತಾನೇ ಹೊತ್ತುಕೊಂಡು ಹೋಗಿ, ಮೊಳೆಗೆ ಸಿಕ್ಕಿಸಿ ಬಂದಳು. ಆ ಗೋಡೆಯ ತುಂಬ ಹಳೆಯ ಗುಂಪು ಫೋಟೋಗಳಿದ್ದವು, ವರ್ಷ ವರ್ಷವೂ ಸನ್ಮಾನ ಮಾಡಿಸಿಕೊಂಡ ಯೋಧರವು. ಎಲ್ಲವನ್ನೂ ತೆಗೆದವನು ಅಪ್ಪ. ಒಂದರಲ್ಲೂ ಅಪ್ಪ ಇರಲಿಲ್ಲ. "ಮಕ್ಕಳು ಮರಿ ಬಂದಿರ್ತಾರೆ, ನೀವು ಕ್ಯಾಮೆರಾ ನೋಡ್ಕೊಳ್ಳಿ," ಎನ್ನುತ್ತಿದ್ದರು ಸಮಿತಿಯವರು ಅವನಿಗೆ. ಅವನು ಕರಿ ಬಟ್ಟೆಯ ಒಳಗೆ ಹೋಗುತ್ತಿದ್ದ.

ಭಾನುವಾರ ಅಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕೂತ ಮಗಳು ತಲೆ ಎತ್ತಿ ಗೋಡೆ ನೋಡಿದಳು. ಎಲ್ಲ ಚಿತ್ರಗಳ ಮೂಲೆಗೂ ಬೆರಳಗಲದ ರೇಷ್ಮೆ ಪಟ್ಟಿ ಕಟ್ಟಿದ್ದರು. ಅಪ್ಪನ ಚಿತ್ರಕ್ಕೆ ಮಾತ್ರ ಗೇಣಗಲದ ಪಟ್ಟಿ. ಅದೂ ಮೂಲೆಗಲ್ಲ, ಮೂಗಿನ ಕೆಳಗೆ ಅಡ್ಡಕ್ಕೆ ಬಿಗಿದಿದ್ದರು.

ಅಣ್ಣ ಅವಳ ಕಣ್ಣು ತಪ್ಪಿಸಿದ.

ಅಧ್ಯಕ್ಷರು ಹಾಳೆ ಹಿಡಿದು ಒಬ್ಬೊಬ್ಬರ ಬಗ್ಗೆ ಓದುತ್ತ ಬಂದರು. ಎಲ್ಲರಿಗೂ ಒಂದೇ ಅಚ್ಚಿನ ಮಾತು. ಅಪ್ಪನ ಸರದಿ ಬಂತು. "ಇವರ ಮುಖವನ್ನೊಮ್ಮೆ ನೋಡಿ," ಎಂದು ಚಿತ್ರದತ್ತ ಕೈ ಚಾಚಿದರು, "ಆ ಮುಖದಲ್ಲಿ ಬೆಳಗುತ್ತಿರುವ ಶೌರ್ಯವನ್ನು ನೋಡಿ."

"ನೋಡೋಕೆ ಬಿಡಿ ಮತ್ತೆ!"

ತನ್ನ ದನಿ ಅಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ. ಸಭೆ ತಿರುಗಿ ನೋಡಿತು. ಅವಳು ಆಗಲೇ ಎದ್ದು ಗೋಡೆಯ ಬಳಿ ಹೋಗಿದ್ದಳು. ಕಾರ್ಯದರ್ಶಿ ಅಡ್ಡ ಬಂದು ಮೆಲ್ಲಗೆ, "ಮಕ್ಕಳಿದ್ದಾರಮ್ಮ, ಹೆದರ್ಕೋತಾರೆ," ಎಂದ.

"ನಾನೂ ಮಗು ಆಗಿದ್ದೆ, ಇದೇ ಮುಖದವರ ತೊಡೆ ಮೇಲೆ. ಹೆದರಿರಲಿಲ್ಲ. ನೀವು ಯಾಕ್ರೀ ಹೆದರ್ತಿದೀರಾ?"

ಅಣ್ಣ ಓಡಿ ಬಂದು ಅವಳ ಮಣಿಕಟ್ಟು ಹಿಡಿದ. "ಪುಟ್ಟಿ, ಬೇಡ ಕಣೇ. ಅಪ್ಪನ ಮಾನ ತೆಗೀಬೇಡ."

"ಅಪ್ಪನ ಮಾನಾನಾ? ನಿನ್ನ ಮದುವೆ ಫೋಟೋಲಿ ಅಪ್ಪ ಎಲ್ಲಿದ್ದಾರೆ, ತೋರ್ಸು. ಎಲ್ಲಿ ನಿಲ್ಲಿಸಿದ್ದೆ ಅವರನ್ನ? ಹೇಳು ಇವರಿಗೆಲ್ಲ!"

ಅಣ್ಣನ ಗದ್ದ ಅದುರಿತು. ಅವನ ಬೆರಳು ಸಡಿಲವಾದವು. ಅವಳು ಪಟ್ಟಿಯನ್ನು ಕಿತ್ತೆಳೆದಳು. ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಎಂದರು.

ಅಷ್ಟರಲ್ಲಿ ಅಮ್ಮ ಎದ್ದಳು. ಮಗಳಿಗೆ ಈಗ ಸರಿಯಾಗಿ ಬೀಳುತ್ತದೆ ಎಂದು ಸಭೆ ಕಾದು ಕೂತಿತು. ಮಗಳೂ ಹಾಗೇ ಅಂದುಕೊಂಡಳು. ಅಮ್ಮ ಮಂಡಿ ನೋವಿಗೆ ಕುಂಟುತ್ತ ಬಂದು ಚಿತ್ರದ ಎದುರು ನಿಂತಳು. ಅದು ಅವಳು ಅಷ್ಟು ವರ್ಷ ಅನ್ನ ನುರಿದು ಉಣಿಸಿದ ಬಾಯಿ. ಮಗಳ ಕೈಯಿಂದ ಪಟ್ಟಿಯನ್ನು ಈಸಿಕೊಂಡು, ಸಂಜೆ ಮನೆಗೆ ಬಂದು ಅಪ್ಪ ಬಾಗಿಲ ಹಿಂದೆ ನೇತುಹಾಕುತ್ತಿದ್ದ ಮಫ್ಲರನ್ನು ಮಡಿಸುವ ಹಾಗೆ ಮಡಿಸತೊಡಗಿದಳು.

"ಒಳಗೆ ಬಂದ ಮೇಲೂ ಯಾಕೆ ಕಟ್ಟಿದ್ರಿ ಇದನ್ನ?" ಎಂದು ಕಾರ್ಯದರ್ಶಿಯನ್ನು ಕೇಳಿದಳು. "ಸೆಕೆ ಆಗುತ್ತೆ ಅವರಿಗೆ."

ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಶುರುಮಾಡಿದರು. ಮಗಳು ಅತ್ತ ತಿರುಗಿ ನೋಡಿದ ರೀತಿಗೆ ಆ ಕೈಗಳು ನಿಂತುಹೋದವು. ಅಧ್ಯಕ್ಷರು ಹಾಳೆಯ ಮೇಲೆ ಕಣ್ಣು ನೆಟ್ಟು, ಬಿಟ್ಟಲ್ಲಿಂದ ಓದಲು ಹೊರಟರು.

"ಹಾಳೆ ನೋಡ್ಬೇಡಿ," ಎಂದಳು ಅವಳು. "ಅವರನ್ನ ನೋಡ್ಕೊಂಡು ಹೇಳಿ."

ಅಧ್ಯಕ್ಷರು ತಲೆ ಎತ್ತಿದರು. ಬಾಯಿ ತೆರೆದರು. ಕಣ್ಣು ಮತ್ತೆ ಹಾಳೆಗೇ ಜಾರಿತು. ಅವಳು ಗೋಡೆ ಬಿಟ್ಟು ಕದಲಲಿಲ್ಲ.