ಟೋಪಿಯೊಳಗಿನ ಸಿಂಬೆ

ಜಯಲಕ್ಷ್ಮಿಪುರಂನಲ್ಲಿ ಆಗ ಏಳುತ್ತಿದ್ದ ಮೂರಂತಸ್ತಿನ ಕಟ್ಟಡಕ್ಕೆ ಎಂಜಿನಿಯರು ಲಕ್ಷ್ಮೀನರಸಿಂಹ ಅವರು ಗಣಿಯವರು ಹಾಕುವಂಥ ಗಟ್ಟಿ ಟೋಪಿಗಳನ್ನು ತರಿಸಿದರು. ಅವು ಗಾರೆಯವರಿಗೆ ಮಾತ್ರ. ಹೆಂಗಸರ ತಲೆಯ ಮೇಲೆ ಹೇಗೂ ಬಾಂಡ್ಲಿ ಇರುತ್ತದಲ್ಲ, ಅವರಿಗೇಕೆ ಟೋಪಿ! ಒಳಗಿನ ಪಟ್ಟಿ ಹೇಗೆ ಬಿಗಿಯಬೇಕು, ಬೆವರು ಹೇಗೆ ಒರೆಸಬೇಕು, ಬಿಸಿಲಲ್ಲಿ ಯಾಕೆ ಬಿಡಬಾರದು ಎಂದು ಅವರು ಹೇಳಿದ್ದೇ ಹೇಳಿದ್ದು. ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಗಾರೆ ಕೆಂಪಯ್ಯನಂತೂ ಮಾರನೆಯ ದಿನವೇ ತನ್ನ ಟೋಪಿಯನ್ನು ಸಾರುವೆಯ ಗಳಕ್ಕೆ ನೇತುಹಾಕಿದ. ಪಟ್ಟಿ ನೆತ್ತಿ ಒತ್ತುತ್ತದೆ, ಬಗ್ಗಿದರೆ ಲೊಡಲೊಡ ಅಲ್ಲಾಡುತ್ತದೆ ಎಂದು ಅವನ ಗೊಣಗಾಟ.

ಅವನ ಹೆಂಡತಿ ಬೆಟ್ಟಮ್ಮ ಅಲ್ಲೇ ಗಾರೆ ಹೊರುವವಳು. ತಲೆಗೆ ಏನು ಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿಂಬೆಯಿಲ್ಲದೆ ಬಾಂಡ್ಲಿ ಹೊತ್ತರೆ ನೆತ್ತಿ ಸುಲಿದುಹೋಗುತ್ತದೆ. ಹಳೆಯ ಹಸಿರು ಸೀರೆಯೊಂದನ್ನು ಹರಿದು, ಸುತ್ತಿ, ನಡುವೆ ತೂತು ಬಿಡದೆ ದಪ್ಪನೆಯ ಸಿಂಬೆ ಮಾಡಿದಳು. ಅದನ್ನು ಟೋಪಿಯೊಳಗೆ, ಪಟ್ಟಿಗೂ ಮೇಲಿನ ಗಟ್ಟಿ ಚಿಪ್ಪಿಗೂ ನಡುವಿದ್ದ ಸಂದಿಗೆ ತುರುಕಿ ಹೊಲಿದಳು. ಕೆಂಪಯ್ಯ ಹಾಕಿಕೊಂಡು ತಲೆ ಆಡಿಸಿ ನೋಡಿದ.

"ತಲೇಲೈತೋ ಇಲ್ವೋ ಅಂತಾನೂ ಗೊತ್ತಾಗಕಿಲ್ಲ ಕಣೆ" ಎಂದ.

ಅಂದಿನಿಂದ ಊಟಕ್ಕೆ ಕೂತಾಗಲೂ ಅವನು ಟೋಪಿ ತೆಗೆಯಲಿಲ್ಲ. ಸಂಜೆ ಅದನ್ನು ಸೆರಗಿನಿಂದ ಒರೆಸಿ ಗೂಟಕ್ಕೆ ಹಾಕುವಾಗ ಬೆಟ್ಟಮ್ಮನಿಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಮೇಲಿನ ಅಂತಸ್ತಿನಿಂದ ಇಟ್ಟಿಗೆ ಜಾರಿ ಕೆಂಪಯ್ಯನ ತಲೆಗೆ ಬಿತ್ತು. ಟೋಪಿ ಒಡೆಯಲಿಲ್ಲ, ಕಳಚಲೂ ಇಲ್ಲ. ಕೆಂಪಯ್ಯ ಮಾತ್ರ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಟೋಪಿ ಹಾಕಿಯೂ ಹೋದನೆಂದರೆ ಹಣೆಬರಹಕ್ಕೆ ಹೊಣೆ ಯಾರು ಎಂದರು ಜನ. ಬೆಟ್ಟಮ್ಮನಿಗೆ ಅಳು ಬರಲಿಲ್ಲ. ತಿಥಿ ಕಳೆದ ಮೇಲೆ ಕೆಲಸಕ್ಕೆ ಬಂದಳು. ಮಾತಾಡಿಸಿದರೆ ಹೂಂ ಎನ್ನುತ್ತಿದ್ದಳು. ಕೈಕಾಲುಗಳು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು.

ಅವಳು ಕೆಲಸಕ್ಕೆ ಮರಳಿದ ದಿನವೇ ಮೈದುನ ದೇವರಾಜು ಅಣ್ಣನ ಟೋಪಿ ಹಾಕಿಕೊಂಡು ಸಾರುವೆ ಹತ್ತಲು ಬಂದ. ಎಂಜಿನಿಯರು ತಡೆದರು. ಏಟು ತಿಂದ ಟೋಪಿಯನ್ನು ಮತ್ತೆ ಹಾಕಬಾರದೆಂದು ಅವನಿಂದ ಕಸಿದುಕೊಂಡರು. ಒಳಗೆ ಕೈಯಾಡಿಸಿದವರು ಹುಬ್ಬು ಗಂಟಿಕ್ಕಿ, ಹೊಲಿಗೆ ಕಿತ್ತು ಸಿಂಬೆಯನ್ನು ಹೊರಗೆಳೆದರು.

"ಈ ಜಾಗ ಖಾಲಿ ಇರ್ಬೇಕು ಕಣ್ರಯ್ಯ. ಏಟು ನೆತ್ತಿಗೆ ಹೋಗ್ದಂಗೆ ತಡೆಯೋದೇ ಇದು. ತುಂಬಿದೋರು ಯಾರು?"

ಬೆಟ್ಟಮ್ಮ ಖಾಲಿ ಬಾಂಡ್ಲಿ ಹಿಡಿದು ಅಲ್ಲೇ ನಿಂತಿದ್ದಳು. ದೇವರಾಜು ಅತ್ತಿಗೆಯತ್ತ ನೋಡಲಿಲ್ಲ. ಅಣ್ಣನೇ ತುರುಕಿಕೊಂಡಿದ್ದ ಎಂದುಬಿಟ್ಟ.

"ನಾನು ಸ್ವಾಮಿ, ಹೊಲ್ದದ್ದು" ಎಂದಳು ಬೆಟ್ಟಮ್ಮ. "ಅವರ್ಗೆ ಒತ್ತುತಿತ್ತು."

ಎಂಜಿನಿಯರು ಸಿಂಬೆಯನ್ನು ಅವಳ ಕೈಗಿಟ್ಟರು. ಅವಳು ಅದನ್ನು ನೆತ್ತಿಯ ಮೇಲಿಟ್ಟುಕೊಂಡು ಗಾರೆಯ ರಾಶಿಯ ಮುಂದೆ ಹೋಗಿ ನಿಂತಳು. ಜೊತೆಯವಳು ಬಾಂಡ್ಲಿ ತುಂಬಿ ಎತ್ತಿಕೊಟ್ಟಳು. ನೆತ್ತಿ ಒಂದಿಷ್ಟೂ ಒತ್ತಲಿಲ್ಲ. ಸಿಂಬೆಯನ್ನು ಚೆನ್ನಾಗಿಯೇ ಮಾಡಿದ್ದಳು.