ಹೆಸರು ಹೇಳದವಳು

ಬೇಯಿಸಿದ ರೇಷ್ಮೆಗೂಡಿನ ನಾತ ಒಮ್ಮೆ ಕೂದಲಿಗೆ ಹತ್ತಿದರೆ ಸೀಗೆಕಾಯಿಗೂ ಹೋಗುವುದಿಲ್ಲ. ಕೊಳ್ಳೇಗಾಲದಲ್ಲಿ ನಮ್ಮವ್ವ ಸಾಹುಕಾರರೊಬ್ಬರ ಕೊಟ್ಟಿಗೆಯಲ್ಲಿ ನೂಲು ಬಿಚ್ಚುತ್ತಿದ್ದಳು. ಕುದಿನೀರಿನ ಬೋಗುಣಿಯಲ್ಲಿ ಗೂಡು ಬೇಯುತ್ತದೆ, ಒಳಗಿನ ಹುಳ ಸಾಯುತ್ತದೆ, ಆಮೇಲೆ ಬರಿಗೈ ಅದ್ದಿ ಎಳೆಯ ತುದಿ ಹುಡುಕಬೇಕು. ಸತ್ತ ಹುಳದ ಆ ನಾತದ ಮಡಿಲಲ್ಲೇ ನಾನು ಮಲಗಿ ಬೆಳೆದವಳು. ಸ್ಕೂಲಿನಲ್ಲಿ ಮೇಷ್ಟ್ರು, "ಏ ಸಿದ್ದಯ್ಯನ ಮಗಳೇ, ಉಳುದ್ ನಾತದೋಳೆ, ಬಾಗ್ಲಾಚೆ ಕೂತ್ಕಂಡು ಬರಿ" ಅನ್ನುತ್ತಿದ್ದರು. ಬಾಗಿಲಾಚೆ ಕೂತೇ ಓದಿದೆ. ಮೈಸೂರಿಗೆ ಹೋಗಿ ನರ್ಸ್ ತರಬೇತಿ ಮುಗಿಸಿದೆ. ಬಿಳಿ ಸೀರೆ ಉಟ್ಟ ದಿನ ಅವ್ವ ನನ್ನ ತೋಳು ಮೂಸಿ ನೋಡಿ, "ಸದ್ಯ, ನಿನ್ ಮೈಲಿ ಇಲ್ಲ ಕಣ್ ಭಾಗ್ಯ" ಅಂದಳು.

ಅರವತ್ತೇಳರ ಆಷಾಢದಲ್ಲಿ, ಹನೂರು ರಸ್ತೆಯಲ್ಲಿದ್ದ ಹುಚ್ಚಾಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಡಾಕ್ಟರು ಗುರುಪಾದಸ್ವಾಮಿಯವರ ಸ್ವಂತ ಆಸ್ಪತ್ರೆ ಅದು. ದುಡ್ಡಿರುವವರಿಗೆ ಮುಂದಿನ ಕೋಣೆಗಳು, ಬಡವರಿಗೆ ಹಿಂದಿನ ಧರ್ಮವಾರ್ಡು. ಸೇರಿದ ಎರಡನೆಯ ದಿನ ಬೆಳಿಗ್ಗೆ ಧರ್ಮವಾರ್ಡಿನಲ್ಲಿ ಸೂಜಿ ಹಾಕಲೆಂದು ಒಬ್ಬಳ ಕೈ ಹಿಡಿದೆ. ನಾತ ಮೂಗಿಗೆ ಬಡಿಯಿತು. ನಮ್ಮವ್ವನದೇ ನಾತ. ಕೈ ಮಗುಚಿ ನೋಡಿದೆ. ಬೆರಳ ತುದಿಗಳು ಬೆಳ್ಳಗೆ ಬೆಂದು ಸುಲಿದಿದ್ದವು. ಸಂದಿಗಳಲ್ಲಿ ಹಸಿ ಬಿರುಕು.

"ಏನವ್ವ ಇದು ಕೈ?"

ಅವಳು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಹಿಂದೆ ನಿಂತಿದ್ದ ಕಾಂಪೌಂಡರ್ ಶಿವನಂಜಯ್ಯ ಉತ್ತರ ಕೊಟ್ಟ. "ಯಾವಾಗ್ಲೂ ಕೈ ತೊಳೆಯೋ ಚಟ ಅವ್ಳ್ಗ. ಉಚ್ಚಲ್ವಾ. ಪುಸ್ತಕದಲ್ಲೂ ಅಂಗೇ ಬರ್ಕೊ."

ನಾನು ಹಾಗೇ ಬರೆದೆ. ಅವ್ವ ಕೆಮ್ಮು ಹಿಡಿದು ಕೆಲಸ ಬಿಟ್ಟಿದ್ದಳು. ಮನೆ ನನ್ನ ಮೇಲಿತ್ತು.

ಹತ್ತು ಗಂಟೆಗೆ ಧರ್ಮವಾರ್ಡಿನ ಹೆಂಗಸರನ್ನು ಸಾಲಾಗಿ ಹಿತ್ತಲಿಗೆ ನಡೆಸಿಕೊಂಡು ಹೋದರು. ಅಲ್ಲೊಂದು ತಗಡಿನ ಶೆಡ್ಡು. ಒಳಗೆ ಹನ್ನೊಂದು ಒಲೆ, ಹನ್ನೊಂದು ಬೋಗುಣಿ, ಹೊಗೆ, ಹಬೆ. ಡಾಕ್ಟರು ಇದಕ್ಕೆ ಕೆಲಸದ ಚಿಕಿತ್ಸೆ ಎಂದು ಹೆಸರಿಟ್ಟಿದ್ದರು. ಶಿವನಂಜಯ್ಯ ಬೆತ್ತ ಹಿಡಿದು ಓಡಾಡುತ್ತಿದ್ದ.

"ಏ ಬೋಸುಡಿ, ಎಳೆ ಕಡುದ್ಬುಟ್ಯಲ್ಲ. ಯಾಕ, ತಲಗ ಕರೆಂಟ್ ಬೇಕಾ?"

ಕರೆಂಟು ಅಂದರೆ ಸಾಕು, ಕಡಿದ ಎಳೆ ಮತ್ತೆ ಸಿಗುತ್ತಿತ್ತು. ಶೆಡ್ಡಿಗೆ ಬರುವುದಿಲ್ಲ ಎಂದವಳನ್ನು ಮೇಜಿನ ಮೇಲೆ ಮಲಗಿಸಿ, ಬಾಯಿಗೆ ಬಟ್ಟೆ ತುರುಕಿ ಷಾಕು ಕೊಡುತ್ತಿದ್ದರು. ಇಬ್ಬರು ಕಾಲು ಹಿಡಿಯಬೇಕು. ಆ ಇಬ್ಬರಲ್ಲಿ ಎರಡು ಸಲ ನಾನೂ ಒಬ್ಬಳಾಗಿದ್ದೆ.

ಕೈ ಬೆಂದವಳ ಹೆಸರು ಪುಟ್ಟಮಲ್ಲಮ್ಮ, ಕೌದಳ್ಳಿಯವಳು. ಅವಳ ಕತೆ ಹೇಳಿದ್ದು ಗೇಟು ಕಾಯುವ ಮುದುಕ ಮಾರಯ್ಯ.

"ಬಾಣಂತಿ ಸನ್ನಿ ಆಗಿ ತಂದ್ ಬುಟ್ರು ಕಣವ್ವ. ಎಣ್ಮಗು, ಇನ್ನೂ ಎದೆಹಾಲು ಕುಡೀತಿತ್ತು. ಮೂರೇ ತಿಂಗ್ಳು, ನೆಟ್ಟಗಾಗ್ಬುಟ್ಲು. ಈಗ ಆರ್ ವರ್ಸ. ಎಳೆ ಇಡಿಯದ್ರಲ್ಲಿ ಅವ್ಳನ್ನ ಬುಟ್ರ ಇನ್ನೊಬ್ಬಳಿಲ್ಲ, ಅದ್ಕ ಬುಡದಿಲ್ಲ."

"ಗಂಡ ಬರಲಿಲ್ಲವಾ?"

"ಬತ್ತಿದ್ದ ಪಾಪ, ವರ್ಸ ವರ್ಸವೂ. ಅವ್ಳ್ಗ ನಿನ್ ಗ್ಯಾನವೇ ಇಲ್ಲ ಓಗಯ್ಯ ಅಂತ ಈ ಗೇಟಿಂದಾನೇ ಕಳಿಸ್ಬುಡೋರು. ತಂದಿದ್ದ ಬುತ್ತಿ ನನ್ ಕೈಲಿ ಕೊಟ್ಬುಟ್ಟು ಓಗೋನು. ನಾನು ಗುಟ್ಟಾಗಿ ಅವ್ಳ್ಗ ಮುಟ್ಟುಸ್ತಿದ್ದಿ."

ತಿಂಗಳಿಗೊಮ್ಮೆ ಡಾಕ್ಟರು ಧರ್ಮವಾರ್ಡಿನವರನ್ನು ಪರೀಕ್ಷೆ ಮಾಡುತ್ತಿದ್ದರು. ಆ ತಿಂಗಳು ಪುಸ್ತಕ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ.

"ಹೆಸರು?"

"ಪುಟ್ಟಮಲ್ಲಮ್ಮ."

"ಇದು ಎಷ್ಟು ಬೆರಳು?"

"ಮೂರು ಸಾ."

"ಗಂಡನ ಹೆಸರು?"

ಅವಳು ತಲೆ ತಗ್ಗಿಸಿದಳು. ಕಾಲಿನ ಹೆಬ್ಬೆರಳು ನೆಲ ಕೆರೆಯಿತು. ತುಟಿಯ ಮೇಲೆ ಹೊಸ ಮದುವಣಗಿತ್ತಿಯ ನಾಚಿಕೆ ಬಂದು ನಿಂತಿತು.

"ಕೇಳಿಸ್ತಾ? ಗಂಡನ ಹೆಸರು ಹೇಳು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದರು. "ಗಂಡನ ಹೆಸರು ನೆನಪಿಲ್ಲ. ಜ್ಞಾಪಕಶಕ್ತಿ ಮರಳಿಲ್ಲ. ಚಿಕಿತ್ಸೆ ಮುಂದುವರಿಸಿ." ನಾನು ಹಿಂದಿನ ಹಾಳೆಗಳನ್ನು ತಿರುವಿದೆ. ಆರು ವರ್ಷ, ಪ್ರತಿ ತಿಂಗಳೂ ಅದೇ ಸಾಲು.

"ಸಾರ್, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲ್ಲ," ಎಂದೆ.

"ಗೊತ್ತು."

"ಗೊತ್ತಿದ್ದೂ ಬರೀತೀರಲ್ಲ ಸಾರ್."

"ವೈದ್ಯಶಾಸ್ತ್ರ ಹಟ್ಟಿ ಪದ್ಧತಿ ಕೇಳ್ಕೊಂಡು ನಡೆಯಲ್ಲ ಕಣಮ್ಮ."

"ಮನೇಲಿ ಅಮ್ಮಾವ್ರು ನಿಮ್ಮ ಹೆಸರು ಹೇಳ್ತಾರಾ ಸಾರ್?"

ಪೆನ್ನು ನಿಂತಿತು. ಅವರು ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದರು. "ನಮ್ಮನೆ ಹೆಂಗಸ್ರು ಹೇಳದೇ ಇದ್ರೆ ಅದು ಮರ್ಯಾದೆ. ಹುಳದ ನೀರು ಕುಡ್ದು ಬೆಳೆದ ಜನ ನೀವು. ಬಿಳಿ ಸೀರೆ ಉಡಿಸಿದ್ದಕ್ಕೆ ನಾಲಿಗೆ ಚಾಚ್ಬೇಡ. ನಿನ್ನಂಥೋರು ನೂರು ಜನ ಗೇಟ್ ಹತ್ರ ನಿಂತವ್ರೆ."

ಮಧ್ಯಾಹ್ನ ಒಲೆ ತಣ್ಣಗಾಗುವ ಹೊತ್ತಿಗೆ ನಾನು ಕೊಬ್ಬರಿ ಎಣ್ಣೆ ತಗೊಂಡು ಶೆಡ್ಡಿಗೆ ಹೋಗುತ್ತಿದ್ದೆ. ಪುಟ್ಟಮಲ್ಲಮ್ಮ ಮೊದಲು ಪಕ್ಕದ ಮುದುಕಿಯ ಕೈ ತೋರಿಸುತ್ತಿದ್ದಳು, ಆಮೇಲೆ ತನ್ನದನ್ನು ಚಾಚುತ್ತಿದ್ದಳು.

"ಒಂದೇ ಒಂದು ಸಲ ಹೇಳಿಬಿಡವ್ವ. ಸಣ್ಣ ದನಿಯಲ್ಲಾದರೂ ಹೇಳು. ಮೈಸೂರಿಂದ ತಪಾಸಣೆ ಕಮಿಟಿ ಬರುತ್ತೆ, ಅವರ ಮುಂದೆ ಹೇಳಿದರೆ ಮನೆಗೆ ಕಳಿಸಲೇಬೇಕು," ಎಂದೆ.

"ಏಳ್ಬಾರ್ದು ಕಣ್ ನರ್ಸಮ್ಮ. ಏಳುದ್ರ ಅವುರ್ ಆಯಸ್ಸು ಸವ್ದೋಯ್ತದ. ಬೆಟ್ಟದಪ್ಪುಂದೂ ಅವುರ್ದೂ ಒಂದೇ ಎಸ್ರು. ಅದ್ಕೇ ನಾನು ದೇವ್ರ್ ಎಸ್ರೂ ಎತ್ತದಿಲ್ಲ, ಬೆಟ್ಟದಪ್ಪ ಅಂತೀನಿ ಅಷ್ಟೇಯ."

"ಮಗಳನ್ನು ನೋಡಬೇಕು ಅನ್ನಿಸಲ್ವಾ?"

ಅವಳು ಎಣ್ಣೆ ಹಚ್ಚಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಅನ್ನುಸ್ತದ. ಅವುರ್ನ ಸಾಯ್ಸ್‌ಬುಟ್ಟು ಆ ಮಗೀನ್ ಮುಂದ ಎಂಗ್ ನಿಂತ್ಕಳ್ಳಿ? ಬುಡಿ. ಅವ್ರು ಚೆಂದಾಗಿರ್ಲಿ. ನಾ ಇಲ್ಲೇ ಎಳೆ ಇಡಿತೀನಿ."

ಆಶ್ವೀಜದಲ್ಲಿ ಕಮಿಟಿ ಬರುವ ದಿನ ಗೊತ್ತಾಯಿತು. ಕಡತಗಳನ್ನು ಜೋಡಿಸಲು ನನಗೆ ಹೇಳಿದರು. ಪುಟ್ಟಮಲ್ಲಮ್ಮನ ಕಡತದ ಕೊನೆಯ ಹಾಳೆಗೆ ಒಂದು ಕಾರ್ಡು ಅಂಟಿಕೊಂಡಿತ್ತು. ಊರಿನ ಯಾರೋ ಮೇಷ್ಟ್ರು ಬರೆದುಕೊಟ್ಟದ್ದು. ಅಂಚೆಯ ಮುದ್ರೆಗೆ ಎಂಟು ತಿಂಗಳಾಗಿತ್ತು.

'ಡಾಕ್ಟರವರಿಗೆ ಕೌದಳ್ಳಿ ಪುಟ್ಟಮಾದಪ್ಪನ ಹೆಂಡತಿ ಬಸವಮ್ಮ ಮಾಡುವ ನಮಸ್ಕಾರ. ನಮ್ಮ ಯಜಮಾನರು ಕಾಡಿನಲ್ಲಿ ಮರ ಕಡಿಯುವಾಗ ಮೈಮೇಲೆ ಮರ ಬಿದ್ದು ತೀರಿಕೊಂಡರು. ಅಕ್ಕನಿಗೆ ಇನ್ನು ಗುಣವಾಗುವುದಿಲ್ಲವೆಂದು ತಾವು ಹೇಳಿದ ಮೇಲೆ ನನ್ನನ್ನು ಮಾಡಿಕೊಂಡಿದ್ದರು. ಅಕ್ಕನಿಗೆ ವಿಷಯ ತಿಳಿಸಬೇಕು. ಮಗಳು ನನ್ನ ಹತ್ತಿರ ಇದ್ದಾಳೆ. ಅಕ್ಕನಿಗೆ ಗುಣವಾಗಿದ್ದರೆ ಕಳಿಸಿಕೊಡಿ, ಇದ್ದ ಅಂಬಲಿಯನ್ನೇ ಕುಡಿಯುತ್ತೇವೆ.'

ಅದರ ಮೇಲೆ ಡಾಕ್ಟರ ಅಕ್ಷರದಲ್ಲಿ ಕೆಂಪು ಶಾಯಿಯ ಒಂದೇ ಮಾತಿತ್ತು: ಕಡತಕ್ಕೆ.

ಎರಡು ದಿನ ನಾನು ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದೆ. ಹೇಳದೆ ಹೋದರೆ ಅವಳು ಮುತ್ತೈದೆಯಾಗಿಯೇ ಇರುತ್ತಾಳೆ, ಈ ಬೋಗುಣಿಯ ಮುಂದೆ ಸಾಯುತ್ತಾಳೆ. ಹೇಳಿದರೆ ಅವಳ ಬಾಯಿ ಬಿಡುಗಡೆಯಾಗುತ್ತದೆ. ಅವಳನ್ನು ಆಚೆ ಕಳಿಸುವುದಕ್ಕೆ ನನ್ನ ಕೈಯಲ್ಲಿ ಇದ್ದದ್ದು ಆ ಸಾವೊಂದೇ.

ಮೂರನೆಯ ದಿನ ಶಿವನಂಜಯ್ಯ ಗೂಡಿನ ಮೂಟೆ ಇಳಿಸಿಕೊಳ್ಳಲು ಹೋಗಿದ್ದಾಗ ಅವಳ ಪಕ್ಕ ಕೂತೆ. ಅವಳ ಕೈ ನೀರಿನಲ್ಲಿತ್ತು.

"ಪುಟ್ಟಮಲ್ಲಮ್ಮ, ಇನ್ನು ನೀನು ಅವರ ಹೆಸರು ಹೇಳಿದರೆ ಅವರಿಗೆ ಏನೂ ಆಗಲ್ಲ ಕಣವ್ವ."

ಅವಳಿಗೆ ತಕ್ಷಣ ತಿಳಿಯಿತು. ಕೈ ಮಾತ್ರ ಆಚೆ ತೆಗೆಯಲಿಲ್ಲ. ಕುದಿಯುವ ನೀರಿನಲ್ಲೇ ಬೆರಳುಗಳು ನಿಂತುಬಿಟ್ಟವು. ನಾನೇ ಮಣಿಕಟ್ಟು ಹಿಡಿದು ಎತ್ತಿದೆ.

"ಯಾವಾಗ?"

"ಮಾಘದಲ್ಲಿ."

"ಎಂಟ್ ತಿಂಗ್ಳಿಂದ ಸುಮ್ಕ ಕುಂಕ್ಮ ಇಟ್ಕತಿವ್ನಲ್ಲ," ಎಂದಳು, ಯಾರದೋ ಮನೆಯ ವಸ್ತುವನ್ನು ಮರೆತು ತಂದವಳ ಹಾಗೆ.

ಕಾರ್ಡು ಓದಿ ಹೇಳಿದೆ. ಬಸವಮ್ಮನ ಮಾತು ಬಂದಾಗ ಅವಳು ಒಲೆಯ ಕೊಳ್ಳಿಯನ್ನು ಒಳಕ್ಕೆ ನೂಕಿದಳು.

"ಮಗೀಗ ದಿನಾ ಜಡೆ ಆಕ್ತಾಳಂತಾ?"

"ಅದನ್ನು ಬರೆದಿಲ್ಲ."

"ಅಕ್ಕ ಅಂತ ಬರ್ಸವ್ಳಲ್ಲ. ಆಕ್ತಾಳ," ಎಂದು ಮತ್ತೆ ಎಳೆ ಹುಡುಕಲು ಕೈ ಅದ್ದಿದಳು.

ಕಮಿಟಿಯೆಂದು ಬಂದವರು ಒಬ್ಬರೇ ಅಧಿಕಾರಿ. ಶೆಡ್ಡಿಗೆ ಅವತ್ತು ಬೀಗ ಹಾಕಿತ್ತು. ಡಾಕ್ಟರ ಕೋಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಕಾಫಿ ಇಟ್ಟಿದ್ದರು. ಪುಟ್ಟಮಲ್ಲಮ್ಮನ ಸರದಿ ಬಂತು.

"ಇವತ್ತು ಯಾವ ವಾರ?"

"ಸುಕ್ರಾರ ಸಾ."

"ಯಾವೂರು?"

"ಕೌದಳ್ಳಿ."

"ಗಂಡನ ಹೆಸರು?"

ಡಾಕ್ಟರು ಆಗಲೇ ಪೆನ್ನು ಎತ್ತಿಕೊಂಡಿದ್ದರು. ಪುಟ್ಟಮಲ್ಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಪುಟ್ಟಮಾದಪ್ಪ."

ದನಿ ಮೇಜಿನವರೆಗೂ ಮುಟ್ಟಲಿಲ್ಲ. "ಏನಂದೆ?" ಎಂದರು ಅಧಿಕಾರಿ.

"ಪುಟ್ಟಮಾದಪ್ಪ. ಜವರಯ್ಯನ್ ಮಗ ಪುಟ್ಟಮಾದಪ್ಪ."

ಆಮೇಲೆ ಅವಳಿಗೆ ನಿಲ್ಲಿಸಲು ಆಗಲಿಲ್ಲ. ಕಿಟಕಿಯ ಕಡೆ ತಿರುಗಿ ಕರೆದಳು. ಹೊಲದಲ್ಲಿರುವವನನ್ನು ಊಟಕ್ಕೆ ಕರೆಯುವಂತೆ, ಮೊದಲು ಮೆಲ್ಲಗೆ, ಆಮೇಲೆ ದೂರಕ್ಕೆ. ಪುಟ್ಟಮಾದಪ್ಪಾ, ಪುಟ್ಟಮಾದಪ್ಪಾ. ಸಂಸಾರ ಮಾಡಿದಷ್ಟು ದಿನವೂ ಬಾಯಿಗೆ ಬಾರದ ಹೆಸರು ಅದು. ವಾರ್ಡಿನ ಕಡೆಯಿಂದ ಒಬ್ಬ ಹುಚ್ಚಿ, "ಬತ್ತಾವ್ನ ತಡಿಯವ್ವ" ಎಂದು ಓಗೊಟ್ಟಳು.

"ನೋಡಿದ್ರಾ ಸಾರ್," ಎಂದರು ಡಾಕ್ಟರು. "ಒಂದು ಪದ ಸಿಕ್ರೆ ಸಾಕು, ಹೀಗೇ."

ನಾನು ಕಾರ್ಡನ್ನು ಅಧಿಕಾರಿಯ ಮುಂದಿಟ್ಟೆ. "ಗಂಡ ಸತ್ತ ಸುದ್ದಿ ಎಂಟು ತಿಂಗಳು ಬಚ್ಚಿಟ್ಟಿದ್ದಾರೆ ಸಾರ್. ಇವಳು ಅಳ್ತಾ ಇದ್ದಾಳೆ, ಅಷ್ಟೇ." ಪುಟ್ಟಮಲ್ಲಮ್ಮನ ಎರಡೂ ಕೈಗಳನ್ನು ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟೆ. "ಇದು ಹುಚ್ಚಲ್ಲ. ಹಿತ್ತಲ ಶೆಡ್ಡಿನ ಬೀಗ ತೆಗೆಸಿ ನೋಡಿ."

ನಾತಕ್ಕೆ ಅಧಿಕಾರಿ ಕಾಫಿ ಲೋಟವನ್ನು ಆಚೆ ಸರಿಸಿದರು. ಕಾರ್ಡನ್ನು ಓದಿದರು, ತಿರುಗಿಸಿ ನೋಡಿದರು, ಮಡಿಸಿದರು. ಗಡಿಯಾರ ನೋಡಿಕೊಂಡರು.

"ಡಾಕ್ಟರೇ, ಚರ್ಮಕ್ಕೆ ಏನಾದರೂ ಮುಲಾಮು ಹಚ್ಚಿಸಿ. ಬಿಡುಗಡೆ ವಿಷಯ ಮುಂದಿನ ಸಲ ನೋಡೋಣ."

ಕಾರು ಹೊರಟ ಮೇಲೆ ನಾನು ವಾರ್ಡಿನ ಪುಸ್ತಕ ತೆಗೆದೆ. 'ಪುಟ್ಟಮಲ್ಲಮ್ಮ ಪೂರ್ತಿ ಗುಣವಾಗಿದ್ದಾಳೆ. ಇವತ್ತು ಮನೆಗೆ ಕಳಿಸಿದೆ' ಎಂದು ಬರೆದು ಸಹಿ ಹಾಕಿದೆ. ಆಷಾಢದಲ್ಲಿ ನಾನೇ ಬರೆದಿದ್ದ ಕೈ ತೊಳೆಯುವ ಚಟದ ಸಾಲನ್ನು ಹೊಡೆದುಹಾಕಿ, ಬಿಸಿನೀರಿನ ಸುಟ್ಟಗಾಯ ಎಂದು ತಿದ್ದಿದೆ.

"ನರ್ಸು ನೀನು. ಡಿಸ್ಚಾರ್ಜ್ ಮಾಡೋಕೆ ಯಾರೇ ನೀನು?" ಎಂದರು ಡಾಕ್ಟರು ಬಾಗಿಲಲ್ಲಿ ನಿಂತು. "ಹುಚ್ಚೀನ ಕದ್ಕೊಂಡೋದ್ಲು ಅಂತ ಪೊಲೀಸಿಗೆ ಕೊಡ್ತೀನಿ. ಜೀಪ್ ಬರುತ್ತೆ ಹಿಂದೆನೇ."

"ಕೊಡಿ ಸಾರ್. ಅವರಿಗೂ ಇವಳ ಕೈ ತೋರಿಸ್ತೀನಿ."

ಪುಟ್ಟಮಲ್ಲಮ್ಮನ ತೋಳು ಹಿಡಿದುಕೊಂಡು ಅಂಗಳಕ್ಕೆ ಇಳಿದೆ. ಹಿಂದಿನಿಂದ ಶಿವನಂಜಯ್ಯ ಕೂಗಿದ. "ಲೇ ಮಾರಯ್ಯ, ಗೇಟಾಕ್ಲಾ."

ಮಾರಯ್ಯ ತೆರೆದ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ. "ಕೀಲು ಕಿತ್ತೋಗದ ಸಾ. ಆಕಕಾಗ್ದು," ಎಂದ. ನಾವು ದಾಟುವವರೆಗೂ ಅದೇ ಕೀಲನ್ನು ಬಗ್ಗಿ ನೋಡುತ್ತಿದ್ದ.

ಬಸ್ಸಿನಲ್ಲಿ ಪುಟ್ಟಮಲ್ಲಮ್ಮ ಕಿಟಕಿಯ ಪಕ್ಕ ಕೂತಳು. ಹನೂರು ದಾಟಿದ ಮೇಲೆ ಸೆರಗಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಹಣೆ ಒರೆಸಿಕೊಂಡಳು. ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ಬಿಡಿಸಿ, ಸುಲಿದ ಚರ್ಮದ ಮೇಲಿಂದ ಜಾರಿಸಿ, ನನ್ನ ಮಡಿಲಿಗೆ ಹಾಕಿದಳು. "ಯಾರ್ಗಾರ ಕೊಡಿ, ಚೆನ್ನಾಗವ," ಅಂದಳು.

ಕೌದಳ್ಳಿ ತಲುಪಿದಾಗ ಉಣ್ಣುವ ಹೊತ್ತು ಮೀರಿತ್ತು. ಹುಲ್ಲಿನ ಮಾಡಿನ ಮನೆ. ಬಾಗಿಲಲ್ಲಿ ಬೋಳುಹಣೆಯ ಒಬ್ಬ ಹೆಂಗಸು ತಟ್ಟೆ ಮುಂದಿಟ್ಟುಕೊಂಡು ಆಗತಾನೇ ಕೂತಿದ್ದಳು. ಅವಳ ಬೆನ್ನ ಹಿಂದೆ ಒಂದು ಹುಡುಗಿ. ಪುಟ್ಟಮಲ್ಲಮ್ಮ ಅಂಗಳದಲ್ಲೇ ನಿಂತಳು. ಹುಡುಗಿ ಅವಳನ್ನು ನೋಡಿ, "ಅವ್ವಾ, ಯಾರು ಇವ್ರು?" ಎಂದು ಬಸವಮ್ಮನ ಸೆರಗು ಹಿಡಿದುಕೊಂಡಳು.

ಬಸವಮ್ಮ ನನ್ನ ಬಿಳಿ ಸೀರೆ ನೋಡಿದಳು, ಪುಟ್ಟಮಲ್ಲಮ್ಮನ ಬರಿಗೈ ನೋಡಿದಳು. ಎದ್ದು ಬಂದು ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ನಾನೂ ಹಿಂದೆಯೇ ಹೋದೆ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಯಾವುದೋ ಗಾಡಿಯ ಸದ್ದು ಕೇಳಿತು. ಬಸ್ಸೋ ಜೀಪೋ ತಿಳಿಯಲಿಲ್ಲ. ಪುಟ್ಟಮಲ್ಲಮ್ಮ ಎದ್ದು ನಿಲ್ಲಲು ಹೋದಳು. ಬಸವಮ್ಮ ಬಾಗಿಲು ಮುಚ್ಚಿ ಅಗಣಿ ಹಾಕಿದಳು. ಆಮೇಲೆ ತನಗೆಂದು ಇಟ್ಟುಕೊಂಡಿದ್ದ ತಟ್ಟೆಯನ್ನು, ಇನ್ನೂ ಮುರಿಯದ ಮುದ್ದೆಯನ್ನು, ಎರಡೂ ಕೈಯಲ್ಲಿ ಎತ್ತಿ ತಂದು ಪುಟ್ಟಮಲ್ಲಮ್ಮನ ಮಡಿಲಿಗಿಟ್ಟಳು.