ತಳದ ನಾಲ್ಕು ಬೆರಳು

ಪಂಪು ಓಡಿಸಿ ಕಲ್ಲುಗಣಿಯ ನೀರು ಎತ್ತುತ್ತಿದ್ದ ಟ್ರ್ಯಾಕ್ಟರ್ ಬೆಳಿಗ್ಗೆ ಒಂಬತ್ತಕ್ಕೆ ನಿಂತುಹೋಯಿತು. ಹತ್ತು ಗಂಟೆಗೆ ಅದರ ಡ್ರೈವರನ್ನು ಕೆಲಸದಿಂದ ತೆಗೆದರು. ಅಷ್ಟು ಹೊತ್ತಿಗೆ ಬಾನೆಟ್ಟನ್ನು ಯಾರೂ ಎತ್ತಿ ನೋಡಿರಲಿಲ್ಲ.

ಡ್ರೈವರನ ಅಕ್ಕ ಅದೇ ಗಣಿಯ ಮೆಕ್ಯಾನಿಕ್. ಅಪ್ಪನ ಪಕ್ಕ ಕೂತು ಎಂಜಿನ್ ಬಿಚ್ಚಲು ಕಲಿತವಳು, ಹನ್ನೆರಡು ವರ್ಷದಿಂದ ಅಲ್ಲೇ ಇದ್ದವಳು. ಎಲ್ಲರೂ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಿದ್ದರು. ಟ್ರ್ಯಾಕ್ಟರ್ ನಿಂತ ಹೊತ್ತಿನಲ್ಲಿ ಅವಳು ಮೇಲಿನ ಶೆಡ್ಡಿನಲ್ಲಿ ಕಂಪ್ರೆಸರಿಗೆ ಬೆಲ್ಟ್ ಹಾಕುತ್ತಿದ್ದಳು. ಮೇನೇಜರು ಫೋನ್ ಮಾಡಿ ಏನಾಗಿರಬಹುದು ಎಂದು ಕೇಳಿದರು. ಎರಡೂ ಕೈ ಗ್ರೀಸು, ಫೋನು ಕಿವಿಗೂ ಹೆಗಲಿಗೂ ನಡುವೆ. ಇನ್ನೇನು ಬೆಲ್ಟು ಚಕ್ರದ ಮೇಲೆ ಕೂರಬೇಕು.

"ಗಾಳಿ ಹಿಡಿದಿರ್ಬೇಕು ಸಾರ್, ಬರ್ತೀನಿ" ಅಂದಳು.

ಅಲ್ಲಿ ಯಾವ ಎಂಜಿನ್ ಕೆಮ್ಮಿದರೂ ಎಲ್ಲರ ಬಾಯಿಗೂ ಮೊದಲು ಬರುವ ಮಾತು ಅದು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಎಂಜಿನ್ನಿಗೆ ಎಣ್ಣೆ ಹೋಗುವುದಿಲ್ಲ. ಗಾಳಿ ಸೇರುವುದು ಹೆಚ್ಚಾಗಿ ಟ್ಯಾಂಕು ಬರಿದಾಗುವ ತನಕ ಓಡಿಸಿದಾಗ. ಟ್ಯಾಂಕು ನೋಡಿಕೊಳ್ಳಬೇಕಾದವನು ಡ್ರೈವರ್. ಸ್ಪ್ಯಾನರಕ್ಕ ಅಷ್ಟು ದೂರ ಯೋಚಿಸಿರಲಿಲ್ಲ. ಮೇನೇಜರು ಯೋಚಿಸಿದ್ದರು.

ಅವಳು ಇಳಿದು ಬಂದಾಗ ತಮ್ಮ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಒರಗಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಮಡಚಿದ ಕಾಗದ. 'ಅಜಾಗರೂಕತೆಯಿಂದ ಎಂಜಿನ್ ಕೆಡಿಸಿದ್ದಾನೆ' ಎಂದು ಅದರಲ್ಲಿತ್ತು. ಸಂಜೆ ಐದಕ್ಕೆ ಕಂಪನಿಯ ಕೋಣೆ ಖಾಲಿ ಮಾಡಬೇಕು. ಕೋಣೆ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಈ ಮಾತು ಬಿದ್ದ ಕಾಗದ ಹಿಡಿದವನಿಗೆ ಯಾವ ಗಣಿಯವರೂ ಸ್ಟೇರಿಂಗ್ ಕೊಡುವುದಿಲ್ಲ. ನಲವತ್ತು ತುಂಬಿದ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ಅರ್ಧ ಟ್ಯಾಂಕ್ ಎಣ್ಣೆ ಇದೆ. ನೀನೇ ಇಣುಕಿ ನೋಡಕ್ಕ" ಅಂದ. ಆಮೇಲೆ ತಲೆ ಎತ್ತದೆ ಕೇಳಿದ: "ಗಾಳಿ ಅಂತ ಯಾಕಂದೆ?"

ಅವಳು ಮುಚ್ಚಳ ತೆಗೆದು ನೋಡಿದಳು. ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಸ್ಪ್ಯಾನರ್ ಚೀಲ ಬಿಚ್ಚಿದಳು.

ಗಣಿಯ ಗುಂಡಿಯಲ್ಲಿ ನೀರು ಏರುತ್ತಿತ್ತು. ಪಂಪು ನಿಂತರೆ ಕಲ್ಲು ಒಡೆಯುವವರಿಗೆ ಕೆಲಸವಿಲ್ಲ. ಮೂವತ್ತು ಜನ ಗುಂಡಿಯ ಅಂಚಿನಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಮೂರರೊಳಗೆ ಎಂಜಿನ್ ಓಡಬೇಕು, ಓಡಿದ ಮೇಲೆ ರಿಪೇರಿ ಕಾರ್ಡಿನಲ್ಲಿ ಕಾರಣ ಬರೆದು ಸೈನ್ ಹಾಕಬೇಕು ಎಂದು ಮೇನೇಜರು ಹೇಳಿ ಕಳಿಸಿದ್ದರು. ಆ ಕಾರ್ಡಿನಲ್ಲಿ ಬೇರೆ ಕಾರಣ ಬಿದ್ದರೆ ತಮ್ಮನ ಕಾಗದ ಸುಳ್ಳಾಗುತ್ತದೆ. ಅವಳಿಗೆ ಉಳಿದಿದ್ದ ದಾರಿ ಅದೊಂದೇ.

ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿದೆಯೇ ಎಂದು ಊದಿ ನೋಡಿದಳು; ಕಟ್ಟಿರಲಿಲ್ಲ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿದಳು. ಎಣ್ಣೆ ಧಾರಾಳವಾಗಿ ಬಂತು. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಗಾಳಿ ಹೊರಗೆ ತಳ್ಳುವ ಕೈಪಂಪು ಒತ್ತಿದಳು. ನಾಲ್ಕು ಗುಳ್ಳೆ ಬಂದವು, ನಿಂತವು. ಬಿಗಿ ಮಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್ ಎದ್ದಿತು. ಅಂಚಿನಲ್ಲಿ ಕೂತವರು ಬಟ್ಟೆ ಕೊಡವಿಕೊಂಡು ಎದ್ದರು. ಹತ್ತೇ ನಿಮಿಷ. ಎಂಜಿನ್ ತೊದಲಿತು, ಬಿಳಿ ಹೊಗೆ ಕಾರಿತು, ಸತ್ತಿತು. ಅವರು ಮತ್ತೆ ಕೂತರು.

"ಏನಕ್ಕ, ಗಾಳಿ ಬಿಡಿಸೋಕೆ ಮಂತ್ರ ಹಾಕೋರನ್ನ ಕರೀಲಾ?" ಎಂದು ಒಬ್ಬ ಮುದುಕ ಕೇಳಿದ. ಬೇರೆ ದಿನವಾಗಿದ್ದರೆ ಅವಳು ತಿರುಗಿಸಿ ಕೊಡುತ್ತಿದ್ದಳು. ಇವತ್ತು ಗಾಳಿ ಎನ್ನುವ ಮಾತು ಕೇಳಿದ್ದೇ ಇನ್ನೊಂದು ಸ್ಪ್ಯಾನರ್ ಎತ್ತಿಕೊಂಡಳು.

ಎಲ್ಲೋ ವಾಷರ್ ಸೋರಿ ಗಾಳಿ ಎಳೆದುಕೊಳ್ಳುತ್ತಿದೆ ಎಂದುಕೊಂಡಳು. ತಾಮ್ರದ ವಾಷರುಗಳನ್ನೆಲ್ಲ ತೆಗೆದು ಹೊಸದು ಹಾಕಿದಳು. ಮತ್ತೆ ಕೈಪಂಪು, ಮತ್ತೆ ಸ್ಟಾರ್ಟ್, ಮತ್ತೆ ಹತ್ತು ನಿಮಿಷ. ಹನ್ನೆರಡೂವರೆ ಆಗಿತ್ತು. ಹೆಬ್ಬೆರಳಿನ ಚರ್ಮ ಸುಲಿದಿತ್ತು. ದೂರದ ಕೋಣೆ ಸಾಲಿನಲ್ಲಿ ನಾದಿನಿ, ತಮ್ಮನ ಹೆಂಡತಿ, ಹಾಸಿಗೆ ಸುರುಳಿಯನ್ನು ಹೊರಗೆ ತಂದಿಟ್ಟು, ಮತ್ತೆ ಒಳಗೆ ಹೋಗುವುದು ಕಾಣುತ್ತಿತ್ತು. ತಮ್ಮ ಅತ್ತ ನೋಡಲೇ ಇಲ್ಲ. ಅವನೊಂದು ಬೈಗುಳ ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತು.

ಬೆಳಗಿನಿಂದ ತಾನು ಹುಡುಕುತ್ತಿದ್ದದ್ದು ತನ್ನ ಬಾಯಿಂದ ಬಿದ್ದ ಮಾತನ್ನೇ ಹೊರತು ಎಂಜಿನ್ನಿನ ಕಾಯಿಲೆಯನ್ನಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಗಾಳಿಯಿದ್ದರೆ ಒಂದು ಸಲ ಬಿಟ್ಟರೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಅದು ಗಾಳಿ ಅಲ್ಲ. ಅಪ್ಪ ಇದ್ದಿದ್ದರೆ, ಮೇಲೆ ನೋಡಿದ್ದು ಸಾಕು, ಕೆಳಗೆ ನೋಡೇ ಕತ್ತೆ, ಅನ್ನುತ್ತಿದ್ದ.

ಫಿಲ್ಟರಿನ ಕೆಳಗಿನ ಬೋಲ್ಟ್ ಬಿಚ್ಚಿ ಗಾಜಿನ ಸೀಸೆ ಹಿಡಿದಳು. ಬಿದ್ದದ್ದು ಕದಡಿದ ಬಣ್ಣದ್ದು. ಸೀಸೆಯನ್ನು ನೆರಳಿನಲ್ಲಿ ಕಲ್ಲಿನ ಮೇಲಿಟ್ಟು ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ಕದಡಿದ್ದು ತಿಳಿಯಾಯಿತು. ಮೇಲೆ ಡೀಸೆಲ್, ಕೆಳಗೆ ನೀರು, ನಡುವೆ ಅಚ್ಚುಕಟ್ಟಾದ ಗೆರೆ. ಸೀಸೆಯ ಮುಕ್ಕಾಲು ನೀರೇ.

ಅವಳು ಅಲ್ಲಿಂದ ನೆಟ್ಟಗೆ ಸ್ಟೋರಿಗೆ ಹೋದಳು. ಅಂಗಳದಲ್ಲಿ ಡೀಸೆಲ್ ಪೀಪಾಯಿಗಳು ನಿಂತಿದ್ದವು. ಎರಡು ದಿನದ ಕೆಳಗಿನ ಮಳೆನೀರು ಅವುಗಳ ತಲೆಯ ಮೇಲೆ, ಬಿರಡೆಯ ಸುತ್ತ, ಇನ್ನೂ ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ಬಿರಡೆ ಸಡಿಲವಿದ್ದರೆ ಅದು ಒಳಗಿಳಿಯುತ್ತದೆ, ಇಳಿದು ತಳ ಸೇರುತ್ತದೆ. ಅದಕ್ಕೇ ಪೀಪಾಯಿ ಮುಗಿಯುತ್ತಾ ಬಂದಾಗ ತಳದ ನಾಲ್ಕು ಬೆರಳಿನಷ್ಟು ಎಣ್ಣೆಯನ್ನು ಯಾರೂ ಟ್ಯಾಂಕಿಗೆ ಹಾಕಬಾರದು ಎಂದು ಅಪ್ಪನ ಕಾಲದಿಂದ ಕಟ್ಟಳೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಬೆರಳಿನ ಚಿತ್ರ ಬರೆದವಳು ಅವಳೇ. ಈಗ ಅದರ ಮೇಲೆ ಹೊಸ ಸುಣ್ಣ ಬಳಿದಿದ್ದರು.

ಸ್ಟೋರಿನವನು ಮೊದಲು ತನಗೇನೂ ಗೊತ್ತಿಲ್ಲ ಅಂದ. ಅವಳು ಸೀಸೆಯನ್ನು ಅವನ ಮೇಜಿನ ಮೇಲಿಟ್ಟಳು. ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. ಹೋದ ವಾರ ಮೇನೇಜರ ಅಪ್ಪಣೆಯಾಗಿತ್ತು: ಒಂದು ತೊಟ್ಟೂ ಬಿಡಬಾರದು, ತಳದ ಎಣ್ಣೆಯೂ ಎಣ್ಣೆಯೇ. ಬೆಳಿಗ್ಗೆ ಡ್ರೈವರಿಗೆ ಕೊಟ್ಟ ಕ್ಯಾನು ಹಾಗೆ ಪೀಪಾಯಿ ಬಗ್ಗಿಸಿ ತಳದ ಎಣ್ಣೆ ತುಂಬಿದ್ದು.

"ನನ್ನ ಹೆಸರು ಎತ್ತಬೇಡಕ್ಕ. ನನಗೂ ಮನೆಮಠ ಇದೆ" ಅಂದ.

"ಅವನಿಗೂ ಇತ್ತು, ಬೆಳಿಗ್ಗೆ ತನಕ" ಅಂದಳು.

ಮತ್ತೆ ಹೇಳಲು ಹೆಚ್ಚಿಲ್ಲ. ಟ್ಯಾಂಕಿನ ಎಣ್ಣೆಯನ್ನೆಲ್ಲ ಬಸಿದಳು, ಟ್ಯಾಂಕು ಒರೆಸಿದಳು, ಹೊಸ ಫಿಲ್ಟರ್ ಹಾಕಿದಳು. ಬೇರೆ ಪೀಪಾಯಿಯ ಮೇಲುಭಾಗದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತುಂಬಿದಳು. ತಮ್ಮ ಹೇಳಿಸಿಕೊಳ್ಳದೆ ಎದ್ದು ಬಂದು ಆಲಿಕೆ ಹಿಡಿದ. ಕೆಲಸದಿಂದ ತೆಗೆದವನು ಯಂತ್ರ ಮುಟ್ಟಬಾರದು ಎಂದು ಯಾರೋ ನೆನಪಿಸಿದರು. ಅವನು ಆಲಿಕೆ ಬಿಡಲಿಲ್ಲ. ಎರಡೂವರೆಗೆ ಎಂಜಿನ್ ಎದ್ದಿತು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಪಂಪಿನ ಬಾಯಿಂದ ನೀರು ತೊಡೆ ಗಾತ್ರ ಚಿಮ್ಮಿತು. ಮೂವತ್ತು ಜನ ಗುಂಡಿಗಿಳಿದರು.

ಮೇನೇಜರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅವರು ಅವಳನ್ನು ಕೂರಲು ಹೇಳಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಒಳ್ಳೆ ಕೆಲಸ ಮಾಡಿದೆ ಅಂದರು. ರಿಪೇರಿ ಕಾರ್ಡನ್ನು ಅವಳ ಕಡೆ ತಿರುಗಿಸಿದರು. ಬರೆಯುವ ಶ್ರಮವನ್ನು ಅವರು ಅವಳಿಗೆ ಬಿಟ್ಟಿರಲಿಲ್ಲ. ಕಾರಣ ಎನ್ನುವ ಜಾಗದಲ್ಲಿ ಆಗಲೇ ದುಂಡಗಿನ ಅಕ್ಷರದಲ್ಲಿ 'ಗಾಳಿ' ಎಂದಿತ್ತು.

ಅವಳು ಸೀಸೆಯನ್ನು ಕಾರ್ಡಿನ ಪಕ್ಕದಲ್ಲಿಟ್ಟಳು. ಅವರು ಗೆರೆಯನ್ನು ನೋಡಿದರು, ನೋಡದವರಂತೆ ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟರು.

"ಫೋನಲ್ಲಿ ಹೇಳಿದ್ದು ನೀನೇ ತಾನೆ? ನಾನು ಕಥೆ ಕಟ್ಟಿದ್ನಾ?"

"ನಾನೇ ಸಾರ್."

ಹಾಗಿದ್ದರೆ ತಕರಾರು ಏನು ಎಂದು ಅವರು ಸಮಾಧಾನದಿಂದಲೇ ಕೇಳಿದರು. ತಮ್ಮನಿಗೆ ಬೇಕಾದರೆ ಕಲ್ಲು ಹೊರುವ ಕೆಲಸ ಕೊಡೋಣ, ಕೋಣೆಯಲ್ಲೇ ಇರಲಿ, ಡ್ರೈವರ್ ಕೆಲಸದ ಮಾತು ಮಾತ್ರ ಬೇಡ. ಒಪ್ಪದಿದ್ದರೆ ಸ್ಪ್ಯಾನರಕ್ಕನಿಗೂ ಒಂದು ಕೋಣೆ ಇದೆ, ಅದೂ ಕಂಪನಿಯದೇ. ಅದನ್ನು ಅವರು ಬೆದರಿಕೆಯಂತೆ ಹೇಳಲಿಲ್ಲ, ಲೆಕ್ಕದ ಮೇಷ್ಟರು ಮಗ್ಗಿ ಹೇಳುವಂತೆ ಹೇಳಿದರು. ಕಿಟಕಿಯಾಚೆ ನಾದಿನಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಒಂದು ತಟ್ಟೆ ಜಾರಿ ಬಿದ್ದು ಉರುಳಿದ ಸದ್ದು ಫ್ಯಾನಿನ ಸದ್ದನ್ನೂ ದಾಟಿ ಬಂತು.

"ಸೈನ್ ಹಾಕು. ಆ ಸೀಸೆ ಹೊರಗೆ ಚೆಲ್ಲಿ ಕೆಲಸಕ್ಕೆ ಹೋಗು" ಅಂದರು ಮೇನೇಜರು.

ಸ್ಪ್ಯಾನರಕ್ಕ ಪೆನ್ನಿಗೆ ಮುಚ್ಚಳ ಹಾಕಿ ಕಾರ್ಡಿನ ಮೇಲಿಟ್ಟಳು. ಸೀಸೆಯನ್ನು ಗೆರೆ ಅಲುಗದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಬೆಳಿಗ್ಗೆ ನೋಡದೆ ಹೇಳಿದ್ದೆ ಸಾರ್. ಈಗ ನೋಡಿದೀನಿ. ಸೈನ್ ಹಾಕಲ್ಲ. ಇದನ್ನೂ ಚೆಲ್ಲಲ್ಲ."